ಸಂಪಾದಕರ ಉತ್ತರ: ಬಸ್ ನಿಲ್ದಾಣದ ಸಾವುಗಳು ಮತ್ತು ಒಂದು ಧಾರಾವಾಹಿ

ಪೈವಳಿಕೆಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬಂದ ‘ದಹಾಡ್’ ಎಂಬ ಹಿಂದಿ ಧಾರಾವಾಹಿಯ ವಿಮರ್ಶೆಯನ್ನು ಓದಿ ನೊಂದು ತಾವು ಬರೆದ ಪತ್ರ ತಲುಪಿದೆ. ನಮ್ಮ ಸೀಮೆಯ ಹೆಣ್ಣುಮಕ್ಕಳ ಸಾವನ್ನು ರಾಜಸ್ಥಾನಕ್ಕೆ ಒಯ್ದು ಮನರಂಜನೆಯಾಗಿ ಮಾರಿದ್ದನ್ನು ಗಡಿನಾಡಿನ ಪತ್ರಿಕೆ ಹೊಗಳಬಹುದೇ, ಇಂಥವನ್ನು ನಿಷೇಧಿಸಬೇಡವೇ ಎಂದು ಕೇಳಿದ್ದೀರಿ.

ಆ ಕತೆಗೂ ಇಲ್ಲಿ ನಡೆದುದಕ್ಕೂ ಹೋಲಿಕೆ ಇರುವುದು ನಿಜ. ತಮ್ಮೂರಿಗೆ ದೂರವಲ್ಲದ ಕನ್ಯಾನದ ಶಿಕ್ಷಕ ಮೋಹನ್ ಕುಮಾರ್ 2003ರಿಂದ 2009ರವರೆಗೆ ಇಪ್ಪತ್ತು ಮಹಿಳೆಯರನ್ನು ಕೊಂದ. ಹೆಣ್ಣಿನ ಜಾತಿಗೆ ತಕ್ಕ ಹೆಸರಿಟ್ಟುಕೊಂಡು, ವರದಕ್ಷಿಣೆ ಬೇಡವೆಂದು ನಂಬಿಸಿ, ಪರವೂರಿಗೆ ಕರೆದೊಯ್ದು, ಗರ್ಭನಿರೋಧಕವೆಂದು ಹೇಳಿ ಬಸ್ ನಿಲ್ದಾಣದಲ್ಲಿ ಸಯನೈಡ್ ಕೊಡುತ್ತಿದ್ದ. ಇದನ್ನು ಮಹಾ ಚಾಣಾಕ್ಷತನವೆಂದು ತೋರಿಸುವುದೇ ಟಿ.ವಿ.ಯವರ ಚಪಲ. ಅವನನ್ನು ಕಾಪಾಡಿದ್ದು ಬುದ್ಧಿಯಲ್ಲ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯದಲ್ಲಿ, ಮೈಮೇಲೆ ಒಡವೆಯಿಲ್ಲದೆ ಸಿಕ್ಕ ಶವಗಳನ್ನು ಮೈಸೂರು, ಬೆಂಗಳೂರು, ಮಡಿಕೇರಿಯ ಬೇರೆ ಬೇರೆ ಠಾಣೆಗಳು ಅಸಹಜ ಸಾವೆಂದು ಬರೆದುಕೊಂಡು ಕಡತ ಮುಚ್ಚಿದ್ದು, ಇತ್ತ ಊರಿನಲ್ಲಿ ‘ಓಡಿಹೋದಳು’ ಎಂಬ ಒಂದೇ ಮಾತಿಗೆ ಅಂಜಿ ಎಷ್ಟೋ ಮನೆಯವರು ದೂರನ್ನೇ ಕೊಡದಿದ್ದುದು. 2009ರಲ್ಲಿ ಬಂಟ್ವಾಳ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಅನ್ಯಮತದವನೊಡನೆ ಹೋದಳೆಂಬ ಗುಲ್ಲೆದ್ದು ಜನ ಪೊಲೀಸರ ಮೇಲೆ ತಿರುಗಿಬಿದ್ದರು. ಫೋನ್ ಕರೆಗಳ ಜಾಡು ಹಿಡಿದ ತನಿಖೆ ಆ ಮೇಲೆ ಮೋಹನ್ ಕುಮಾರನವರೆಗೆ ಸಾಗಿತು. (ಸುಳ್ಳು ಗುಲ್ಲೊಂದು ನಿಜವನ್ನು ಹೊರಗೆಳೆದ ವಿಚಿತ್ರವನ್ನು ಯಾವ ಕತೆಗಾರನೂ ಕಟ್ಟಲಾರ.) ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ; ಅದು ನಮ್ಮ ಕಾಸರಗೋಡಿನ ಯುವತಿಯದು.

ನಮ್ಮ ವಿಮರ್ಶಕರು ಮೆಚ್ಚಿದ್ದು ಇದಕ್ಕೇ: ಆ ಧಾರಾವಾಹಿಯಲ್ಲಿ ಕೊಲೆಗಾರನಷ್ಟೇ ಮುಖ್ಯವಾಗಿ ಜಾತಿ, ವರದಕ್ಷಿಣೆ, ಮನೆಯವರ ಮೌನ ಕಾಣಿಸುತ್ತವೆ. ಊರು ಬದಲಾದದ್ದರಿಂದ ಇಲ್ಲಿನ ಕುಟುಂಬಗಳತ್ತ ಯಾರೂ ಬೆರಳು ತೋರದಂತಾಯಿತೆಂಬುದು ನನ್ನ ಅನಿಸಿಕೆ. ತಮಗೆ ಅದೇ ಕಳವಿನಂತೆ ಕಂಡಿರುವುದನ್ನೂ ನಾನು ಅಲ್ಲಗಳೆಯಲಾರೆ.

ನಿಷೇಧವನ್ನು ಮಾತ್ರ ಒಪ್ಪಲಾರೆ. ವಿಚಾರಣೆಗೆ ಅಡ್ಡಿಯಾಗುವಲ್ಲಿ ನ್ಯಾಯಾಲಯ ತಡೆಯಬಲ್ಲದು. ಕೇರಳದ ಕೂಡತ್ತಾಯಿ ಎಂಬ ಊರಿನ ಆರು ಸಾವುಗಳ ಪ್ರಕರಣದಲ್ಲಿ 2019ರ ಅಕ್ಟೋಬರಿನಲ್ಲಿ ಬಂಧನವಾಗಿ ಕೆಲವೇ ತಿಂಗಳಿಗೆ ಮಲಯಾಳಂ ವಾಹಿನಿಯೊಂದು ಧಾರಾವಾಹಿ ಆರಂಭಿಸಿದಾಗ ಕೇರಳ ಹೈಕೋರ್ಟು ಅದಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಅಲ್ಲಿನ ಅವಸರ ನನಗೂ ಅಸಹ್ಯವೆನಿಸಿತ್ತು. ಇನ್ನೊಂದು ದಾರಿಯೂ ಇದೆ. ಇಂಗ್ಲೆಂಡಿನಲ್ಲಿ 1975ರಿಂದ 1980ರ ನಡುವೆ ಹದಿಮೂರು ಮಹಿಳೆಯರನ್ನು ಕೊಂದ ಪೀಟರ್ ಸಟ್‌ಕ್ಲಿಫ್‌ನ ಬಗೆಗಿನ 2023ರ ಧಾರಾವಾಹಿಗೆ ಮೊದಲು ಅವನ ಅಡ್ಡಹೆಸರನ್ನೇ ಶೀರ್ಷಿಕೆಯಾಗಿ ಇಟ್ಟಿದ್ದರು. ಸತ್ತವರ ಕಡೆಯವರು ಆಕ್ಷೇಪಿಸಿದ ಮೇಲೆ ಅದನ್ನು ‘ದಿ ಲಾಂಗ್ ಶ್ಯಾಡೋ’ ಎಂದು ಬದಲಿಸಿದರು. ಪೊಲೀಸರು ಅವನನ್ನು ಒಂಬತ್ತು ಸಲ ಪ್ರಶ್ನಿಸಿಯೂ ಬಿಟ್ಟುಕೊಟ್ಟಿದ್ದರು. ಅಲ್ಲಿಯೂ ಕೊಲೆಗಾರನ ಜಾಣ್ಮೆಗಿಂತ ಕಡತಗಳ ಕುರುಡೇ ದೊಡ್ಡದಾಗಿತ್ತು.

ತಮ್ಮ ಪತ್ರದ ಒಂದು ಮಾತಿಗೆ ನನ್ನಲ್ಲಿ ಸಮರ್ಥನೆಯಿಲ್ಲ. ವಿಮರ್ಶೆಯ ತಲೆಬರಹದಲ್ಲಿ ಆ ಕೊಲೆಗಾರನ ‘ಸಯನೈಡ್’ ಅಡ್ಡಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೆವು. ಅದನ್ನು ಕೊಟ್ಟವರು ವಿಮರ್ಶಕರಲ್ಲ, ನಾನು.

— ಸಂಪಾದಕ