ಪ್ರೊರೋಗ್ ಮಾಡೋರು ಯಾರು, ಮಾಡೋದು ಯಾವುದನ್ನ?

ತಮ್ಮಾ, ನವಲಗುಂದದಿಂದ ಕ್ರೂಸರ್ ಮಾಡ್ಕೊಂಡು ಬೆಳಗಾವಿ ಅಧಿವೇಶನಕ್ಕ ಹೋದ ರೈತರ ಮ್ಯಾಲೆ ನೀ ಬರದ ಲೇಖನ ಓದಿದೆ. ಛಲೋ ಐತಿ. ಕಳಸಾ-ಬಂಡೂರಿ ನೀರಿನ ಯೋಜನಾದ ವಿಷಯ ನಿನಗ ಗೊತ್ತೈತಿ, ಪೆಂಡಾಲಿನ್ಯಾಗ ಬುತ್ತಿ ಬಿಚ್ಚಿದ್ದು ನೀ ಕಣ್ಣಾರೆ ನೋಡಿ ಬರದದ್ದು ಅಂತ ಓದಿದ ಕೂಡ್ಲೆ ತಿಳೀತೈತಿ. ಆದ್ರ ಒಂದು ಶಬ್ದ ನನ್ನ ತಲಿ ಕೆಡಿಸಿಬಿಟ್ಟೈತಿ. ಪ್ರೊರೋಗ್. ಸದನದ ಅಧಿವೇಶನ ಮುಗಸೋದಕ್ಕ ಇಂಗ್ಲಿಷಿನ್ಯಾಗ ಹಂಗಂತಾರ. ಎಲ್ಲಿ ಕಲತಿಯೋ ಗೊತ್ತಿಲ್ಲ, ಸಿಕ್ಕಲ್ಲೆಲ್ಲ ಹಾಕಿ.

ಮೊದಲ್ನೇದು ನೋಡು. ‘ಸಂಜೆ ಸಭಾಧ್ಯಕ್ಷರು ಸದನವನ್ನು ಪ್ರೊರೋಗ್ ಮಾಡಿದರು.’ ಸಭಾಧ್ಯಕ್ಷರಿಗೆ ಆ ಅಧಿಕಾರನ ಇಲ್ಲೋ. ಅವರು ಮಾಡೋದು ಅಡ್ಜರ್ನ್, ಅಂದ್ರ ಮುಂದೂಡೋದು, ಕಡೀ ದಿನ ಆದ್ರ ಅನಿರ್ದಿಷ್ಟಾವಧಿಗೆ ಮುಂದೂಡ್ತಾರ. ಅಧಿವೇಶನನ ಮುಗಸೋದು ರಾಜ್ಯಪಾಲರು, ಮಂತ್ರಿಮಂಡಳದ ಸಲಹಾದ ಮ್ಯಾಲೆ, ಸಂವಿಧಾನದ 174ನೇ ವಿಧಿ ಪ್ರಕಾರ. ಆ ಆದೇಶ ಸಾಮಾನ್ಯವಾಗಿ ಆಮ್ಯಾಲೆ ಬರ್ತೈತಿ, ಅಲ್ಲಿತನಕ ಬೇಕಾದ್ರ ಸಭಾಧ್ಯಕ್ಷರೇ ಸದನ ತಿರುಗಿ ಕರೀಬಹುದು, ಆದೇಶ ಬಂದ ಮ್ಯಾಲೆ ಮಾತ್ರ ರಾಜ್ಯಪಾಲರೇ ಹೊಸದಾಗಿ ಕರೀಬೇಕು. ಹಂಗಾಗಿ ನಿನ್ನ ಒಂದ ವಾಕ್ಯದಾಗ ಮಾಡಿದೋರೂ ತಪ್ಪು, ದಿನಾನೂ ತಪ್ಪು.

ಎರಡನೇದು, ‘ಗದ್ದಲದಿಂದಾಗಿ ಮಸೂದೆ ಪ್ರೊರೋಗ್ ಆಯಿತು.’ ಮಸೂದೆ ಪ್ರೊರೋಗ್ ಆಗೂದಿಲ್ಲ. ಈ ಕ್ರಿಯಾಪದಕ್ಕ ಕರ್ಮ ಆಗೋದು ಸದನ, ಇಲ್ಲಾ ಅದರ ಅಧಿವೇಶನ, ಅಷ್ಟ. ‘ದಿ ಗವರ್ನರ್ ಪ್ರೊರೋಗ್ಡ್ ದಿ ಹೌಸ್’ ಅಂತಾರ, ಇಲ್ಲಾ ‘ದಿ ಹೌಸ್ ವಾಸ್ ಪ್ರೊರೋಗ್ಡ್’ ಅಂತಾರ. ಮಸೂದೆ ಬಾಕಿ ಉಳೀತೈತಿ. ಅಷ್ಟಕ್ಕೂ ಪ್ರೊರೋಗ್ ಆತು ಅಂತ ಯಾವ ಮಸೂದೆನೂ ಬಿದ್ದು ಹೋಗೂದಿಲ್ಲ, 196ನೇ ವಿಧಿಯೊಳಗ ಇದನ್ನ ಬಿಡಿಸಿ ಹೇಳ್ಯಾರ. ವಿಧಾನಸಭಾ ವಿಸರ್ಜನೆ ಆದಾಗಿನ ಕಥಿ ಬ್ಯಾರೆ, ಅವಾಗ ಸಭಾದಾಗ ಬಾಕಿ ಇದ್ದ ಮಸೂದೆ ಸತ್ತಂಗ. ನಿನ್ನ ವಾಕ್ಯ ಓದಿದ ರೈತ ತನ್ನ ಮಸೂದೆ ಉಳೀತೋ ಹೋತೋ ಅಂತ ಹ್ಯಾಂಗ ತಿಳ್ಕೋಬೇಕು ಹೇಳು?

ಮೂರನೇದಕ್ಕ ನನಗ ಖರೇನ ಸಿಟ್ಟು ಬಂತು. ‘ಸಚಿವರ ಭರವಸೆಯ ನಂತರ ರೈತರು ಧರಣಿಯನ್ನು ಪ್ರೊರೋಗ್ ಮಾಡಿದರು.’ ಧರಣಿ ಕೈಬಿಟ್ಟರೋ, ತಾತ್ಕಾಲಿಕವಾಗಿ ನಿಲ್ಲಿಸಿದರೋ, ಜಾಗಾ ಬದಲಿಸಿದರೋ? ಮೂರೂ ಬ್ಯಾರೆ ಬ್ಯಾರೆ. ತಿಂಗಳುಗಟ್ಲೆ ಕುಂತ ಮಂದಿ ‘ಕೈಬಿಟ್ಟಿಲ್ಲ, ನಿಲ್ಲಿಸೇವಿ’ ಅಂತ ಒತ್ತಿ ಹೇಳ್ತಾರ, ಯಾಕಂದ್ರ ನಾಳೆ ಮತ್ತ ಕೂಡೋರು ಅವರ. ಅದನ್ನ ಕೇಳಿ ಬರಕೊಳ್ಳೋದು ನಿನ್ನ ಕೆಲಸ ಇತ್ತು. ದೊಡ್ಡ ಇಂಗ್ಲಿಷ್ ಶಬ್ದ ಹಾಕಿ ಆ ಪ್ರಶ್ನೆನ ಮುಚ್ಚಿಬಿಟ್ಟಿ.

ನಾ ಹುಬ್ಬಳ್ಳಿಯೊಳಗ ಒಂದು ಪತ್ರಿಕಾದ ಡೆಸ್ಕಿಗೆ ಸೇರಿದಾಗ ಟೆಲಿಪ್ರಿಂಟರ್ ಕಾಪಿ ಅನುವಾದ ಮಾಡೋದ ರಾತ್ರಿಪಾಳಿ ಕೆಲಸ. ನಮ್ಮ ಹಿರಿಯ ಉಪಸಂಪಾದಕರು ಒಂದು ರೂಢಿ ಹಚ್ಚಿದ್ರು, ಇಂಗ್ಲಿಷ್ ಕಾಪಿಯೊಳಗ ಕ್ರಿಯಾಪದಕ್ಕ ಪೆನ್ಸಿಲ್ಲಿಂದ ಸುತ್ತು ಹಾಕಬೇಕು, ಎಡಕ್ಕ ಮಾಡಿದೋರು ಯಾರು ಅಂತ ಬರೀಬೇಕು, ಬಲಕ್ಕ ಯಾವುದನ್ನ ಮಾಡಿದ್ರು ಅಂತ ಬರೀಬೇಕು, ಆಮ್ಯಾಲೆನ ಕನ್ನಡ. ಎಡಬಲ ಖಾಲಿ ಇದ್ರ ಕಾಪಿ ತಿರುಗಿ ನನ್ನ ಟೇಬಲ್ಲಿಗೆ ಬರ್ತಿತ್ತು, ಎಷ್ಟ ಹೊತ್ತಾಗಿರ್ಲಿ. ಈ ಪ್ರೊರೋಗ್ ಅನ್ನೋದು ಮೊದಲ ಸಲ ಬಂದ ರಾತ್ರಿ ಅವರು ಕಪಾಟಿನಿಂದ ಸಂವಿಧಾನದ ಪುಸ್ತಕ ತಗದು 174ನೇ ವಿಧಿನ ನನ್ನ ಕಡಿಂದನ ಜೋರಾಗಿ ಓದಿಸಿದ್ರು, ಪುಟ ಮುಗಿಯೂದ್ರಾಗ ಕರೆಯೋದು, ಮುಗಿಸೋದು, ವಿಸರ್ಜಿಸೋದು ಮೂರೂ ತಲ್ಯಾಗ ಬ್ಯಾರೆ ಬ್ಯಾರೆ ಕುಂತುವು. ಆ ಮನಷ್ಯಾನ ಋಣ ನನ್ನ ಮ್ಯಾಲೆ ಭಾಳ ಐತಿ.

ಮಾಡಿದೋರು ಯಾರು ಅನ್ನೋದು ಸಣ್ಣ ಮಾತಂತ ತಿಳ್ಕೋಬ್ಯಾಡ. 2019ರ ಸಪ್ಟೆಂಬರ್‌ನ್ಯಾಗ ಬ್ರಿಟನ್ನಿನ ಗದ್ದಲ ನೆನಪ ಮಾಡ್ಕೋ. ಬೋರಿಸ್ ಜಾನ್ಸನ್ ಪಾರ್ಲಿಮೆಂಟ್ ಪ್ರೊರೋಗ್ ಮಾಡಿದ್ರು ಅಂತ ಮಂದಿ ಆಡ್ಕೊಂಡ್ರು, ಆದ್ರ ಕಾಗದದ ಮ್ಯಾಲೆ ಮಾಡಿದೋರು ರಾಣಿ, ಸಲಹಾ ಕೊಟ್ಟೋರು ಪ್ರಧಾನಿ. ಕೋರ್ಟು ಹಿಡದದ್ದು ಆ ಸಲಹಾನ್ನ. ಸಪ್ಟೆಂಬರ್ 24ಕ್ಕ ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಸಲಹಾನ ಕಾನೂನುಬಾಹಿರ ಅಂದ್ರು, ಹಂಗಾಗಿ ಪಾರ್ಲಿಮೆಂಟ್ ಪ್ರೊರೋಗ್ ಆಗೇ ಇಲ್ಲ ಅಂತನೂ ಹೇಳಿದ್ರು. ಒಂದು ಕ್ರಿಯಾಪದದ ಹಿಂದ ಇರೋರು ಯಾರು ಅನ್ನೋದು ಆ ಕೇಸಿನ್ಯಾಗೂ ಮುಖ್ಯ ಆತು.

ಇನ್ನ ನಿನ್ನ ಲೇಖನದಾಗಿನ ಆ ಅಜ್ಜ. ‘ಸದನ ಪ್ರೊರೋಗ್ ಆತಲ್ಲೋ, ನಡೀರಿ ಊರಿಗೆ’ ಅಂತ ಅವನ ಬಾಯಾಗ ಹಾಕಿ. ಅಂವ ಹಂಗಂದಿರಾಕ ಸಾಧ್ಯನ ಇಲ್ಲ. ‘ಮುಗೀತಂತ, ಏಳ್ರಿ’ ಅಂದಿರ್ತಾನ. ನಿನ್ನ ನೋಟ್‌ಬುಕ್ಕಿನ್ಯಾಗ ಅವನ ಮಾತು ಇರ್ತೈತಿ, ತಗದು ನೋಡು, ಇದ್ದದ್ದನ್ನ ಇದ್ದಂಗ ಹಾಕು. ಇಡೀ ಲೇಖನದಾಗ ಪ್ರೊರೋಗ್ ಬೇಕಂದ್ರ ರಾಜ್ಯಪಾಲರ ಆದೇಶ ಬಂದ ದಿನದ ಒಂದ ವಾಕ್ಯಕ್ಕ ಇರ್ಲಿ, ಅಲ್ಲೂ ‘ಅಧಿವೇಶನ ಮುಕ್ತಾಯಗೊಳಿಸಿದರು’ ಅಂದ್ರ ನಡೀತೈತಿ.

ಧರಣಿ ವಾಕ್ಯ ತಿದ್ದೂಕಿಂತ ಮೊದಲ ಆ ರೈತರಿಗೆ ಒಂದ ಫೋನ್ ಹಚ್ಚಿ ಕೇಳು, ಏನಂದ್ರು ಅನ್ನೋದನ್ನ ನನಗೂ ತಿಳಿಸು. ತಿದ್ದಿದ್ದು ಬುಧವಾರದೊಳಗ ಬಂದ್ರ ಈ ಸಂಚಿಕೆಗೆ ಹಾಕ್ತೀನಿ.