ಇನ್‌ಕಾಗ್ನಿಟೋದಲ್ಲಿ ಓದಿದರೂ ಜಾಹೀರಾತು ಬೆನ್ನು ಹತ್ತಿದ್ದು ಹೇಗೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಪತ್ರದ ತಿರುಳನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ.

ಮನೆಯಲ್ಲಿ ಒಬ್ಬರಿಗೆ ಒಂದು ಕಾಯಿಲೆ ಇರಬಹುದು ಎಂದು ಡಾಕ್ಟರು ಹೇಳಿದ್ದರು. ನೆಂಟರಿಗೂ ತಿಳಿಸಿರಲಿಲ್ಲ. ನೀವು ಫೋನಿನಲ್ಲಿ ಇನ್‌ಕಾಗ್ನಿಟೋ, ಅಂದರೆ ಬ್ರೌಸರ್‌ನ ಗುಟ್ಟಿನ ಕಿಟಕಿ, ತೆರೆದು ಆ ಕಾಯಿಲೆಯ ಬಗ್ಗೆ ಓದಿದಿರಿ. ಒಂದು ತಾಣದಲ್ಲಿ ಆಹಾರದ ಪಟ್ಟಿ ಇಳಿಸಿಕೊಳ್ಳಲು ಫೋನ್ ನಂಬರ್ ಕೊಟ್ಟಿರಿ. ಎರಡು ದಿನದಲ್ಲಿ ಎಲ್ಲಿ ನೋಡಿದರೂ ಅದೇ ಕಾಯಿಲೆಯ ಜಾಹೀರಾತು. ಗಾಬರಿಯಾಗಿ ಉಚಿತ ವಿಪಿಎನ್ (ನಿಮ್ಮ ಇಂಟರ್ನೆಟ್ ಓಡಾಟವನ್ನು ಬೇರೊಂದು ಕಂಪನಿಯ ಮೂಲಕ ಕಳಿಸುವ) ಆ್ಯಪ್ ಒಂದನ್ನು ಹಾಕಿಕೊಂಡಿರಿ. ಈಗ ನಿಮ್ಮ ಪ್ರಶ್ನೆಗಳು: ಇನ್‌ಕಾಗ್ನಿಟೋ ಅನ್ನುವುದೇ ಮೋಸವೇ? ಕುಕಿಗೆ (ತಾಣಗಳು ನಿಮ್ಮ ಫೋನಿನಲ್ಲಿ ಇಡುವ ಪುಟ್ಟ ಗುರುತಿನ ಚೀಟಿಗೆ) ಒಪ್ಪಿಗೆ ಕೇಳಿದಾಗ ಏನು ಒತ್ತಬೇಕು? ಫೋಟೋ ಈಮೇಲ್ ಮಾಡಬೇಡಿ ಎಂದು ಮಗಳು ಹೇಳುವುದು ಯಾಕೆ? ಕೊನೆಗೆ, "ಇದರಿಂದ ಯಾರಿಗೂ ಬಿಡುಗಡೆ ಇಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಂತ ಗೆಳೆಯರು ಹೇಳುತ್ತಾರೆ, ನಿಜವೇ?"

ಮೊದಲಿಗೆ, ಮನೆಯವರು ಬೇಗ ಚೇತರಿಸಿಕೊಳ್ಳಲಿ. ಗೆಳೆಯರ ಮಾತು ನಿಜವಲ್ಲ. ತನ್ನವರ ಕಾಯಿಲೆಯ ಬಗ್ಗೆ ನಾಲ್ಕು ಸಾಲು ಓದಲು ಯಾರೂ ಹೆದರಬೇಕಾಗಿಲ್ಲ. ಅದು ಇಂದಿಗೂ ಸಾಧ್ಯ ಇದೆ. ಎಲ್ಲಿ ಸೋರುತ್ತದೆ ಎಂದು ಗೊತ್ತಿರಬೇಕು, ಅಷ್ಟೇ.

ಇನ್‌ಕಾಗ್ನಿಟೋ ಮೋಸ ಅಲ್ಲ. ಆದರೆ ಅದರ ಕೆಲಸ ತುಂಬ ಚಿಕ್ಕದು. ಕಿಟಕಿ ಮುಚ್ಚಿದ ಮೇಲೆ ನೀವು ನೋಡಿದ ಪುಟಗಳ ಪಟ್ಟಿ, ಕುಕಿಗಳು ನಿಮ್ಮ ಫೋನಿನಿಂದ ಅಳಿಸಿಹೋಗುತ್ತವೆ. ಅದೇ ಫೋನ್ ಬಳಸುವ ಬೇರೆಯವರಿಗೆ ಗೊತ್ತಾಗುವುದಿಲ್ಲ. ನೀವು ಹೋದ ತಾಣಕ್ಕೆ, ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ವೈಫೈ ಆದರೆ ಆಫೀಸಿಗೆ, ನೀವು ಬಂದಿದ್ದು ಕಾಣುತ್ತಲೇ ಇರುತ್ತದೆ. ಪತ್ರ ಬರೆದು ನಿಮ್ಮ ಹತ್ತಿರದ ಪ್ರತಿಯನ್ನು ಹರಿದು ಹಾಕಿದ ಹಾಗೆ ಇದು. ಪತ್ರ ತಲುಪಿದವರ ಬಳಿ ಅದು ಹಾಗೇ ಇದೆ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ತೆರೆದಾಗ ಬರುವ ಕಪ್ಪು ಪುಟದಲ್ಲಿ ಈ ಮಾತು ಬರೆದೇ ಇದೆ. ಓದುವವರು ಕಡಿಮೆ. ಈ ತಪ್ಪು ತಿಳಿವಳಿಕೆ ಕೋರ್ಟಿನವರೆಗೂ ಹೋಯಿತು. ಇನ್‌ಕಾಗ್ನಿಟೋದಲ್ಲಿದ್ದಾಗಲೂ ಗೂಗಲ್ ಮಾಹಿತಿ ಕೂಡಿಸುತ್ತಿದೆ ಎಂದು 2020ರಲ್ಲಿ ಅಮೆರಿಕದಲ್ಲಿ ಬಳಕೆದಾರರು ದಾವೆ ಹೂಡಿದರು. 2024ರಲ್ಲಿ ರಾಜಿಯಾಯಿತು. ಹಾಗೆ ಕೂಡಿಸಿದ್ದ ಕೋಟಿಗಟ್ಟಲೆ ದಾಖಲೆಗಳನ್ನು ನಾಶ ಮಾಡಲು ಗೂಗಲ್ ಒಪ್ಪಿತು. ಆ ಕಪ್ಪು ಪುಟದ ಮಾತುಗಳನ್ನೂ ಆ ಹೊತ್ತಿಗೆ ಇನ್ನಷ್ಟು ಬಿಡಿಸಿ ಬರೆದರು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್‌ಕಾಗ್ನಿಟೋ ಅಲ್ಲ. ಆ ಫೋನ್ ನಂಬರ್. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಂಬರ್ ಕೊಟ್ಟ ಕ್ಷಣಕ್ಕೆ ಇನ್‌ಕಾಗ್ನಿಟೋ, ಕುಕಿ ಎಲ್ಲವೂ ಲೆಕ್ಕಕ್ಕೆ ಬಾರದ ಹಾಗಾಗುತ್ತದೆ. ಜಾಹೀರಾತು ನಡೆಸುವ ದೊಡ್ಡ ಕಂಪನಿಗಳು ಬೇರೆ ವ್ಯಾಪಾರಿಗಳಿಗೆ ಒಂದು ಸೌಲಭ್ಯ ಕೊಡುತ್ತವೆ: ನಿಮ್ಮ ಗಿರಾಕಿಗಳ ಈಮೇಲ್, ಫೋನ್ ನಂಬರ್ ಪಟ್ಟಿ ಏರಿಸಿ, ಅದೇ ಜನರಿಗೆ ಜಾಹೀರಾತು ತೋರಿಸುತ್ತೇವೆ ಎಂದು. ನಂಬರ್ ನೇರವಾಗಿ ಹೋಗುವುದಿಲ್ಲ. ಮೊದಲು ಅದನ್ನು ಒಂದು ಉದ್ದದ ಸಂಕೇತವಾಗಿ ಬದಲಿಸುತ್ತಾರೆ. ಜಾಹೀರಾತು ಕಂಪನಿಯೂ ತನ್ನ ಬಳಕೆದಾರರ ನಂಬರ್‌ಗಳನ್ನು ಅದೇ ಲೆಕ್ಕದಲ್ಲಿ ಬದಲಿಸಿ ಇಟ್ಟುಕೊಂಡಿರುತ್ತದೆ. ಎರಡು ಸಂಕೇತ ಒಂದೇ ಆಗಿದ್ದರೆ ಆಳೂ ಒಬ್ಬರೇ ಎಂದಾಯಿತು. ನೀವು ಯಾವ ಬ್ರೌಸರ್‌ನಲ್ಲಿ, ಯಾವ ಕಿಟಕಿಯಲ್ಲಿ ಓದಿದಿರಿ ಎಂಬುದು ಅಲ್ಲಿಗೆ ಬೇಕಾಗುವುದೇ ಇಲ್ಲ.

ನಿಮ್ಮ ವಿಷಯದಲ್ಲಿ ಹೀಗೇ ಆಯಿತು ಎಂದು ಇಲ್ಲಿ ಕೂತು ಖಚಿತವಾಗಿ ಹೇಳುವ ಹಾಗಿಲ್ಲ. ಅದೇ ಕಿಟಕಿಯಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿದ್ದರೂ ಹೀಗಾಗಬಹುದು. ಅದೇ ವೈಫೈಯಲ್ಲಿ ಮನೆಯ ಇನ್ನೊಬ್ಬರು ಅದನ್ನೇ ಹುಡುಕಿದ್ದರೂ ಆಗಬಹುದು, ಏಕೆಂದರೆ ಒಂದು ಮನೆಯ ಫೋನ್‌ಗಳೆಲ್ಲ ಸಾಮಾನ್ಯವಾಗಿ ಹೊರಗಿನವರಿಗೆ ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್‌ನಲ್ಲಿ ಆ ಮನೆಗಿರುವ ಒಂದೇ ಅಂಕೆಯ ವಿಳಾಸದಿಂದ, ಬಂದಂತೆ ಕಾಣುತ್ತವೆ. ಆದರೂ ನನ್ನ ಮೊದಲ ಅನುಮಾನ ಆ ನಂಬರ್ ಮೇಲೆಯೇ. ಆರೋಗ್ಯದ ತಾಣಗಳು ಹೀಗೆ ಮಾಡುವುದಿಲ್ಲ ಎಂದು ನಂಬಲು ಆಗುವುದಿಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಎರಡು ಪ್ರಕರಣ ಹಿಡಿಯಿತು. ಔಷಧಿಗೆ ರಿಯಾಯಿತಿ ಕೊಡಿಸುವ ಗುಡ್‌ಆರ್‌ಎಕ್ಸ್ ಜನರ ಔಷಧಿ, ಕಾಯಿಲೆಯ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ಕೊಟ್ಟಿತ್ತು ಎಂಬುದು ಒಂದು. ಅದಕ್ಕೆ 15 ಲಕ್ಷ ಡಾಲರ್ ದಂಡ. ಮಾನಸಿಕ ಸಲಹೆ ಕೊಡುವ ಬೆಟರ್‌ಹೆಲ್ಪ್, ಗುಟ್ಟಾಗಿ ಇಡುತ್ತೇವೆ ಎಂದು ಮಾತು ಕೊಟ್ಟು, ಸಲಹೆಗೆ ಬಂದವರ ಈಮೇಲ್‌ಗಳನ್ನು ಜಾಹೀರಾತಿಗಾಗಿ ಹಂಚಿತ್ತು ಎಂಬುದು ಇನ್ನೊಂದು. ಅದು 78 ಲಕ್ಷ ಡಾಲರ್ ಕಟ್ಟಬೇಕಾಯಿತು. ಮನಸ್ಸು ಕುಗ್ಗಿ ಸಹಾಯ ಕೇಳಲು ಬಂದವರ ಈಮೇಲ್ ಅದು! ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಓದುವುದಕ್ಕೆ ನಂಬರ್ ಕೇಳುವ ತಾಣ ಬಿಟ್ಟು ಬೇರೆ ತಾಣಕ್ಕೆ ಹೋಗಿ. ಅದೇ ಆಹಾರದ ಪಟ್ಟಿ ಏನೂ ಕೇಳದೆ ಕೊಡುವವರು ಇದ್ದೇ ಇರುತ್ತಾರೆ. ಈಮೇಲ್ ಕೊಡಲೇಬೇಕು ಅಂದರೆ ಮರೆ ವಿಳಾಸ ಕೊಡಿ. ಫೈರ್‌ಫಾಕ್ಸ್ ರಿಲೇ, ಡಕ್‌ಡಕ್‌ಗೋ, ಆ್ಯಪಲ್ ಈ ಮೂವರೂ ಅಂಥ ವಿಳಾಸ ಮಾಡಿಕೊಡುತ್ತಾರೆ. ಅದಕ್ಕೆ ಬಂದ ಪತ್ರ ನಿಮ್ಮ ನಿಜವಾದ ಪೆಟ್ಟಿಗೆಗೆ ಬರುತ್ತದೆ, ಬೇಡವಾದಾಗ ಆ ವಿಳಾಸವನ್ನೇ ಮುಚ್ಚಬಹುದು. ಒಂದೊಂದು ತಾಣಕ್ಕೆ ಒಂದೊಂದು ವಿಳಾಸ ಕೊಟ್ಟರೆ ಯಾರು ಹಂಚಿದರು ಎಂಬುದೂ ಗೊತ್ತಾಗುತ್ತದೆ.

ಇನ್ನು ಕುಕಿ. ವೆಬ್ ಮೂಲತಃ ಮರೆಗುಳಿ. ಒಂದು ಪುಟ ಕೊಟ್ಟ ಮೇಲೆ ಯಾರಿಗೆ ಕೊಟ್ಟೆ ಎಂಬುದು ಸರ್ವರ್‌ಗೆ ನೆನಪಿರುತ್ತಿರಲಿಲ್ಲ. ಅದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬ ಎಂಜಿನಿಯರ್ ಕುಕಿ ಮಾಡಿದರು. ನೀವು ಲಾಗಿನ್ ಆಗಿ ಉಳಿಯುವುದು, ಖರೀದಿಯ ಬುಟ್ಟಿಯಲ್ಲಿ ಹಾಕಿದ್ದು ಹಾಗೇ ಇರುವುದು ಇದರಿಂದಲೇ. ಈ ಕುಕಿಯಿಂದ ತೊಂದರೆ ಇಲ್ಲ. ತೊಂದರೆ ಮೂರನೆಯವರ ಕುಕಿಯಿಂದ, ಅಂದರೆ ನೀವು ಹೋದ ತಾಣದ್ದಲ್ಲದ ಬೇರೆ ಕಂಪನಿಯ ಕುಕಿಯಿಂದ. ನೂರಾರು ತಾಣಗಳಲ್ಲಿ ಒಂದೇ ಜಾಹೀರಾತು ಕಂಪನಿಯ ತುಣುಕು ಇದ್ದರೆ, ನೀವು ಎಲ್ಲೆಲ್ಲಿ ಹೋದಿರಿ ಎಂಬುದು ಅದಕ್ಕೆ ಗೊತ್ತಾಗುತ್ತಾ ಹೋಗುತ್ತದೆ. ಆ್ಯಪಲ್‌ನ ಬ್ರೌಸರ್ ಸಫಾರಿ ಇದನ್ನು 2020ರಲ್ಲಿ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣದ ಕುಕಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುವ ವ್ಯವಸ್ಥೆಯನ್ನು ಎಲ್ಲರಿಗೂ ಕೊಟ್ಟಿತು. ಕ್ರೋಮ್ ಎರಡು ವರ್ಷದೊಳಗೆ ನಿಲ್ಲಿಸುತ್ತೇವೆ ಎಂದು 2020ರಲ್ಲಿ ಹೇಳಿತು, ಮತ್ತೆ ಮತ್ತೆ ಮುಂದೂಡಿತು, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಇನ್‌ಕಾಗ್ನಿಟೋದಲ್ಲಿ ಮಾತ್ರ ತಾನಾಗಿಯೇ ತಡೆಯುತ್ತದೆ. ಸಾಮಾನ್ಯ ಕಿಟಕಿಯಲ್ಲಿ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಮೂರನೆಯವರ ಕುಕಿ ನಿಲ್ಲಿಸಬೇಕು. ದಯವಿಟ್ಟು ನಿಲ್ಲಿಸಿ. ಕುಕಿಯ ದಾರಿ ಕಿರಿದಾದ ಹಾಗೆಲ್ಲ ಜಾಹೀರಾತಿನವರಿಗೆ ನಿಮ್ಮ ಈಮೇಲ್, ಫೋನ್ ನಂಬರ್‌ಗಳ ಬೆಲೆ ಜಾಸ್ತಿಯಾಗಿದೆ. ಕುಕಿಯನ್ನು ಅಳಿಸಬಹುದು. ಫೋನ್ ನಂಬರ್ ವರ್ಷಗಟ್ಟಲೆ ಬದಲಾಗುವುದಿಲ್ಲ, ಅಲ್ವಾ?

ಕುಕಿ ಕೇಳಿದಾಗ ತಿರಸ್ಕರಿಸುವ ಗುಂಡಿಯನ್ನೇ ಒತ್ತಿ. ತಾಣ ನಡೆಯಲು ಬೇಕಾದ ಕುಕಿಗಳು ಹೇಗೂ ಇರುತ್ತವೆ, ಏನೂ ಕೆಡುವುದಿಲ್ಲ. ಒಪ್ಪಿಗೆಯ ಗುಂಡಿ ದೊಡ್ಡದಾಗಿ ಎದುರಿಗೇ ಇದ್ದು, ಬೇಡ ಎನ್ನಲು ಎರಡು ಮೂರು ಪುಟ ಒಳಗೆ ಹೋಗಬೇಕಾದರೆ ಅದು ಬೇಕೆಂದೇ ಮಾಡಿದ್ದು. ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ ಇದೇ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಕೆಲವೇ ತಿಂಗಳಲ್ಲಿ ಗೂಗಲ್ ಯುರೋಪಿನಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ತಿರಸ್ಕರಿಸುವ ಗುಂಡಿ ಕೊಟ್ಟಿತು. ಏನೂ ಮಾಡಲು ಆಗದು ಎನ್ನುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ಆ ಉಚಿತ ವಿಪಿಎನ್ ಬಗ್ಗೆ ನನಗೆ ನಿಜವಾಗಿ ಚಿಂತೆಯಾಗಿದೆ. ವಿಪಿಎನ್ ಹಾಕಿದರೆ ನಿಮ್ಮ ಓಡಾಟ ಇಂಟರ್ನೆಟ್ ಕಂಪನಿಗೆ ಕಾಣುವುದಿಲ್ಲ, ಸರಿ. ಆದರೆ ವಿಪಿಎನ್ ಕಂಪನಿಗೆ ಕಾಣುತ್ತದೆ. ಇವತ್ತು ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ತಾಣಕ್ಕೂ ನಿಮಗೂ ನಡುವಿನ ಮಾತು ಗೂಢಲಿಪಿಯಲ್ಲಿ ಹೋಗುತ್ತದೆ. ಹಾಗಾಗಿ ಇಂಟರ್ನೆಟ್ ಕಂಪನಿಗೆ ಕಾಣುವುದು ತಾಣದ ಹೆಸರು ಮಾತ್ರ, ಒಳಗೆ ಯಾವ ಪುಟ ಓದಿದಿರಿ ಎಂಬುದಲ್ಲ. ಅಷ್ಟನ್ನು ಮುಚ್ಚಲು ಗುರುತಿಲ್ಲದ ಒಬ್ಬರ ಕೈಗೆ ನಿಮ್ಮ ಓಡಾಟವನ್ನು ಕೊಡುವುದು ಯಾಕೆ? ಒನಾವೋ ಎಂಬ ವಿಪಿಎನ್ ಆ್ಯಪ್ ಇತ್ತು. ಅದನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ಸುರಕ್ಷತೆಗೆಂದು ಅದನ್ನು ಹಾಕಿಕೊಂಡವರು ಯಾವ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬುದು ಫೇಸ್‌ಬುಕ್‌ಗೆ ತಿಳಿಯುತ್ತಿತ್ತು. 2018ರಲ್ಲಿ ಆ್ಯಪಲ್‌ನ ನಿಯಮಕ್ಕೆ ಸಿಕ್ಕಿ ಅದು ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು. ಆಂಟಿವೈರಸ್ ಕಂಪನಿ ಅವಾಸ್ಟ್ ಕೂಡ ಹಾಗೇ ಮಾಡಿತ್ತು. ಹಿಂಬಾಲಿಸುವವರನ್ನು ತಡೆಯುತ್ತೇವೆ ಎಂದು ಹೇಳಿಕೊಂಡೇ ಜನರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕೆ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕಾಯಿತು. ಎಲ್ಲ ವಿಪಿಎನ್‌ಗಳೂ ಕೆಟ್ಟವಲ್ಲ. ಪರದೇಶದ ಹೋಟೆಲಿನ ವೈಫೈ, ಸುದ್ದಿ ತಡೆಯುವ ಸರ್ಕಾರ ಇಂಥ ಕಡೆ ಒಳ್ಳೆಯ ವಿಪಿಎನ್ ಬೇಕೇ ಬೇಕು. ಆದರೆ ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದ ಉಚಿತ ಆ್ಯಪ್ ನಿಮಗೆ ಬೇಡ. ಇವತ್ತೇ ತೆಗೆದುಹಾಕಿ.

ಮಗಳು ಹೇಳಿದ್ದು ಸರಿ. ಫೋನಿನಲ್ಲಿ ತೆಗೆದ ಫೋಟೋದೊಳಗೆ ದಿನ, ಸಮಯ, ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ಜಾಗವೂ ದಾಖಲಾಗಿರುತ್ತದೆ. ಈಮೇಲ್‌ಗೆ ಲಗತ್ತಿಸಿದರೆ ಇದೆಲ್ಲ ಜೊತೆಗೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜಾಗದ ಮಾಹಿತಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಇದನ್ನು ಮಗಳಿಗೂ ಹೇಳಿ. 2012ರ ಡಿಸೆಂಬರ್‌ನಲ್ಲಿ, ಆಂಟಿವೈರಸ್‌ನಿಂದ ಹೆಸರಾದ ಜಾನ್ ಮೆಕಾಫಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಪೊಲೀಸರ ಕೈಗೆ ಸಿಗದೆ ಓಡಾಡುತ್ತಿದ್ದರು. ವೈಸ್ ಪತ್ರಿಕೆ ಅವರ ಫೋಟೋ ಒಂದನ್ನು ಪ್ರಕಟಿಸಿತು. ಅವರು ಗ್ವಾಟೆಮಾಲಾದಲ್ಲಿ ಇರುವ ಜಾಗ ಆ ಫೋಟೋದೊಳಗೇ ಬರೆದಿತ್ತು. ಕಂಪ್ಯೂಟರ್ ಸುರಕ್ಷತೆಯಲ್ಲೇ ಬದುಕಿದವರ ಸುತ್ತ ಹೀಗಾಗಿದೆ, ನಮ್ಮ ನಿಮ್ಮ ಮಾತೇನು? ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಪ್ರವಾಸದ ಫೋಟೋಗಳಿಗೆ ಜಾಗದ ನೆನಪು ಬೇಕು ಅನ್ನುವವರು ಹಂಚುವಾಗ ಮಾತ್ರ ತೆಗೆಯಬಹುದು. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ಆಪ್ಷನ್ಸ್ ಅಂತ ಬರುತ್ತದೆ, ಅಲ್ಲಿದೆ.

ಕೊನೆಯದಾಗಿ, ಈಗ ಬರುತ್ತಿರುವ ಜಾಹೀರಾತು ಕಡಿಮೆ ಮಾಡುವುದು. ಫೋನಿಗೆ ಒಂದು ಜಾಹೀರಾತು ಐಡಿ, ಅಂದರೆ ಜಾಹೀರಾತಿನವರು ಆ ಫೋನನ್ನು ಗುರುತಿಸುವ ಸಂಕೇತ, ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಆ್ಯಡ್ಸ್ ಎಂದಿರುವ ಕಡೆ ಅದನ್ನು ಅಳಿಸಬಹುದು. ಐಫೋನಿನಲ್ಲಿ ಅದೇ ಭಾಗದಲ್ಲಿ ಟ್ರ್ಯಾಕಿಂಗ್ ಎಂಬುದನ್ನು ಆಫ್ ಮಾಡಿ. ಗೂಗಲ್ ಖಾತೆ ಇದ್ದರೆ ಮೈ ಆ್ಯಡ್ ಸೆಂಟರ್‌ಗೆ ಹೋಗಿ ನಿಮಗೆಂದೇ ಆರಿಸಿದ ಜಾಹೀರಾತುಗಳನ್ನು ನಿಲ್ಲಿಸಿ. ಮೂರು ತಿಂಗಳಿಗಿಂತ ಹಳೆಯ ಹುಡುಕಾಟದ ದಾಖಲೆ ತಾನಾಗಿ ಅಳಿಸಿಹೋಗುವಂತೆಯೂ ಅದೇ ಖಾತೆಯಲ್ಲಿ ಹೇಳಿಡಬಹುದು. ನಂಬರ್ ಕೊಟ್ಟ ಆ ತಾಣಕ್ಕೆ ಒಂದು ಈಮೇಲ್ ಬರೆದು, ನನ್ನ ಮಾಹಿತಿ ಅಳಿಸಿ, ಯಾರಿಗೆ ಕೊಟ್ಟಿದ್ದೀರಿ ತಿಳಿಸಿ ಎಂದು ಕೇಳಿ. ಉತ್ತರ ಬರದಿದ್ದರೆ ನಮಗೆ ಬರೆಯಿರಿ. ಪತ್ರಿಕೆಯ ಕಡೆಯಿಂದಲೇ ಅವರನ್ನು ಕೇಳುತ್ತೇವೆ. ನಿಮ್ಮ ಹೆಸರು ಹೇಳುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ