ತೋಟದ ಮಡಲು, ಗೆಲ್ಲು ಸಾಗಿಸಲು ಮಿನಿ ಟ್ರ್ಯಾಕ್ಟರಿಗೆ ಎಂಥ ಟ್ರೈಲರ್ ತಗೊಳ್ಳಬೇಕು?

ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ಎರಡೂವರೆ ಎಕರೆ ತೋಟ, 24 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಉಂಟು, ತೆಂಗಿನ ಮಡಲು, ಅಡಿಕೆ ಸೋಗೆ, ಸವರಿದ ಗೆಲ್ಲು ಸಾಗಿಸಲು 8 ಅಡಿ ಉದ್ದದ ಟ್ರೈಲರ್ ಸರಿಯಾ ಅಂತ ಕೇಳಿದ್ದೀರಿ. ಬೇಡ, 6 ಅಡಿಯದ್ದು ಸಾಕು. 8 ಅಡಿಯದ್ದು ತಗೊಂಡು ಎರಡೇ ವರ್ಷಕ್ಕೆ ಮಾರಿದವನು ನಾನು.

ಮೊದಲು ಟೇಪು ಹಿಡಿದು ತೋಟಕ್ಕಿಳಿಯಿರಿ. ಅಡಿಕೆ ಸಾಲುಗಳ ನಡುವೆ ಸುಮಾರು 9 ಅಡಿ ಇರುತ್ತದೆ, ಸರಿ. ಅದರಲ್ಲಿ ಕಣಿ (ನೀರು ಹೋಗುವ ಚರಂಡಿ), ಬಾಳೆ, ಕೊಕ್ಕೋ, ಪೈಪು ಎಲ್ಲ ಕಳೆದು ನಮ್ಮಲ್ಲಿ ಉಳಿದದ್ದು ಐದೇ ಅಡಿ. ತಿರುವಿನಲ್ಲಿ ಟ್ರೈಲರ್ ಟ್ರ್ಯಾಕ್ಟರಿನ ಜಾಡಲ್ಲೇ ಬರುವುದಿಲ್ಲ, ಒಳಬದಿಗೆ ಎಳೆಯುತ್ತದೆ, ಉದ್ದವಾದಷ್ಟೂ ಜಾಸ್ತಿ. ಹಳೆಯ ಟ್ರೈಲರ್ ಕೆರೆದ ಗಾಯ ನಮ್ಮ ಮೂರು ಅಡಿಕೆ ಮರಗಳಲ್ಲಿ ಈಗಲೂ ಕಾಣುತ್ತದೆ.

ಇನ್ನು ಭಾರದ ವಿಷಯ. 6 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಅಂದರೆ ಸುಮಾರು ಒಂದು ಘನ ಮೀಟರ್. ಒಣ ಮಡಲು ತುಂಬಿದರೆ ಭಾರ ಗೊತ್ತೇ ಆಗುವುದಿಲ್ಲ. ಅದೇ ತೊಟ್ಟಿಗೆ ಹಸಿ ಮರದ ತುಂಡು ಜೋಡಿಸಿದರೆ ಅರ್ಧ ಟನ್ ಸುಲಭವಾಗಿ ದಾಟುತ್ತದೆ. ಒಂದು ಆಟಿ ತಿಂಗಳ ಮಳೆಯಲ್ಲಿ ನಮ್ಮ ಹಲಸಿನ ಮರ ಬಿತ್ತು. ಭಾವ ತುಂಡು ಎತ್ತಿಕೊಡುತ್ತಾ, "ಇನ್ನೂ ಜಾಗ ಉಂಟು ಮಾರಾಯ, ಹಾಕು" ಅಂದರು. ಹಾಕಿದೆ. ಪಾಚಿ ಕಟ್ಟಿದ ಮುರಕಲ್ಲಿನ ಇಳಿಜಾರಿನಲ್ಲಿ ಹೆದರಿ ಕ್ಲಚ್ ಒತ್ತಿಬಿಟ್ಟೆ. ಟ್ರೈಲರಿಗೆ ಬ್ರೇಕ್ ಇರಲಿಲ್ಲ. ಅದು ಹಿಂದಿನಿಂದ ದೂಡಿತು, ಟ್ರ್ಯಾಕ್ಟರ್ ಅಡ್ಡ ತಿರುಗಿ ಮುಂದಿನ ಚಕ್ರ ತೋಡಿಗಿಳಿಯಿತು. ಪುಣ್ಯಕ್ಕೆ ಮಗುಚಲಿಲ್ಲ. ಇಳಿಜಾರಿನಲ್ಲಿ ಕ್ಲಚ್ ಮುಟ್ಟಬಾರದು, ಮೊದಲೇ ಸಣ್ಣ ಗೇರಿಗೆ ಹಾಕಿಕೊಂಡು ಇಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ನಿಮ್ಮದು ಏರುತಗ್ಗಿನ ಜಾಗ ಆದರೆ ಟ್ರೈಲರಿಗೂ ಬ್ರೇಕ್ ಹಾಕಿಸಿ.

ಈಗಿನದ್ದರಲ್ಲಿ ತಗಡಿನ ಬದಿ ಒಂದೂವರೆ ಅಡಿ ಮಾತ್ರ. ಅದರ ಮೇಲೆ ಎರಡು ಅಡಿಯ ಜಾಲಿ, ಬೇಕಾದಾಗ ಸಿಕ್ಕಿಸುವಂಥದ್ದು. ಸೋಗೆ, ತರಗೆಲೆಗೆ ಜಾಲಿ ಹಾಕುತ್ತೇನೆ. ಮರದ ತುಂಡಿಗೆ ತೆಗೆದಿಡುತ್ತೇನೆ, ಭಾವ ಬಂದರೂ ಜಾಸ್ತಿ ಹೇರಲು ಜಾಗವೇ ಇಲ್ಲ!

ಎರಡು ಚಕ್ರದ್ದೇ ಇರಲಿ. ನಾಲ್ಕು ಚಕ್ರದ್ದನ್ನು ತೋಟದೊಳಗೆ ರಿವರ್ಸ್ ತೆಗೆಯುವಷ್ಟು ತಾಳ್ಮೆ ನನಗಿಲ್ಲ. ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬೀಳುವಂತೆ ತುಂಬಿ, ಹಿಂದೆ ಜಾಸ್ತಿಯಾದರೆ ಟ್ರ್ಯಾಕ್ಟರಿನ ಹಿಂಭಾಗ ಎತ್ತಿದ ಹಾಗಾಗಿ ಹಿಡಿತ ತಪ್ಪುತ್ತದೆ.

ಖರ್ಚು ಮಾಡುವುದಾದರೆ ತೊಟ್ಟಿಯನ್ನೇ ಎತ್ತಿ ಸುರಿಯುವ ಹೈಡ್ರಾಲಿಕ್ ಜಾಕಿಗೆ ಮಾಡಿ. ಮಡಲು ತುಂಬುವುದು ಸುಲಭ, ಇಳಿಸುವುದೇ ಕಷ್ಟ. ಒಂದು ಎಳೆದರೆ ಹತ್ತು ಸಿಕ್ಕಿಕೊಂಡು ಬರುತ್ತವೆ. ಜಾಕ್ ಬೇಡ ಅಂದರೆ ಹೀಗೆ ಮಾಡಿ. ತುಂಬುವ ಮೊದಲು ಎರಡು ಉದ್ದದ ಹಗ್ಗದ ಒಂದೊಂದು ತುದಿ ಹಿಂದಕ್ಕೆ ಬಿಟ್ಟು, ಉಳಿದದ್ದನ್ನು ತಳದಲ್ಲಿ ಹಾಸಿ ಮುಂದಿನವರೆಗೆ ತನ್ನಿ. ಮಡಲಿನ ಬುಡ ಎಲ್ಲ ಒಂದೇ ಕಡೆ, ಮುಂದಕ್ಕೆ ಇಟ್ಟು ತುಂಬಿ. ಆಮೇಲೆ ಹಗ್ಗವನ್ನು ರಾಶಿಯ ಮೇಲಿಂದ ಹಿಂದಕ್ಕೆ ತನ್ನಿ. ಗುಂಡಿಯ ಹತ್ತಿರ ಹಿಂದಿನ ಬಾಗಿಲು ತೆಗೆದು, ನಾಲ್ಕೂ ತುದಿಗಳನ್ನು ಗಟ್ಟಿ ಮರಕ್ಕೆ ಕಟ್ಟಿ ಟ್ರ್ಯಾಕ್ಟರ್ ಮುಂದೆ ಬಿಟ್ಟರೆ ಇಡೀ ರಾಶಿ ಜಾರಿ ಬೀಳುತ್ತದೆ. ಅದಕ್ಕೇ ತಳಕ್ಕೆ ಚುಕ್ಕಿ ಚುಕ್ಕಿ ಎದ್ದ ಶೀಟು ಬೇಡ, ನುಣ್ಣಗಿನ 3 ಎಂಎಂ ಶೀಟು ಹಾಕಿಸಿ. ನೀರು ಬಸಿಯಲು ತೂತು ಕೊರೆಸಿ. ನಮ್ಮ ಉಪ್ಪುಗಾಳಿಗೆ, ಮಳೆಗೆ ಒದ್ದೆ ಸೊಪ್ಪು ತಳದಲ್ಲಿ ಕೂತರೆ ತುಕ್ಕು ತಿಂದುಬಿಡುತ್ತದೆ.

ರಸ್ತೆಗೆ ಇಳಿಸುವುದಾದರೆ ಟ್ರೈಲರಿಗೂ ರಿಜಿಸ್ಟ್ರೇಷನ್ ಬೇಕು.

ಅಂದಹಾಗೆ, ಎಲ್ಲವನ್ನೂ ಸಾಗಿಸಬೇಕಂತ ಇಲ್ಲ. ಮಡಲು ಕಡಿದು ತೆಂಗಿನ ಬುಡಕ್ಕೇ ಹಾಸಿದರೆ ಅರ್ಧ ಟ್ರಿಪ್ ಉಳಿಯುತ್ತದೆ. ಸತ್ತ ತೆಂಗಿನ ಕಾಂಡ ಮಾತ್ರ ಕೊಳೆಯಲು ಬಿಡಬೇಡಿ, ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳು ಅದರಲ್ಲೇ ಮೊಟ್ಟೆ ಇಡುತ್ತದೆ.

ಆರ್ಡರ್ ಕೊಡುವಾಗ ಟ್ರ್ಯಾಕ್ಟರನ್ನೇ ವರ್ಕ್‌ಶಾಪಿಗೆ ಒಯ್ಯಿರಿ. ನಾನು ಕೊಕ್ಕೆಯ ಎತ್ತರ ಫೋನಿನಲ್ಲೇ ಅಂದಾಜಿಗೆ ಹೇಳಿದ್ದೆ. ಮನೆಗೆ ತಂದು ಸಿಕ್ಕಿಸಿದರೆ ಟ್ರೈಲರಿನ ಮೂತಿ ನಾಲ್ಕು ಇಂಚು ಮೇಲೆ! ಪುನಃ ಕತ್ತರಿಸಿ ವೆಲ್ಡ್ ಮಾಡಿಸಬೇಕಾಯಿತು.